ನಮ್ಮ ಕಾಸರಗೋಡಿನ ಗಡಿ ಠಾಣೆಗಳಲ್ಲಿ ಕನ್ನಡ ಓದಬಲ್ಲ ಪೊಲೀಸರು ಎಲ್ಲಿ ಹೋದರು?

ಪೆರ್ಲದ ತೋಟ

ಕಳೆದ ತಿಂಗಳು ನೆರೆಮನೆಯ ದೊಡ್ಡಮ್ಮನ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಕೆ ಬೆಳಗಾಗುವುದರೊಳಗೆ ಮಾಯವಾಯಿತು. ದೊಡ್ಡಮ್ಮ ಕನ್ನಡ ಶಾಲೆಯಲ್ಲಿ ಓದಿದವರು, ದುಂಡಗಿನ ಅಕ್ಷರ. ದೂರನ್ನು ತಾವೇ ಕುಳಿತು ಬರೆದರು. ನಾನು ಜೊತೆಗೆ ಹೋದೆ. ಠಾಣೆಯ ಹೆಸರು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಗದರಿಸಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ಆದರೆ ಜಿ.ಡಿ. (ಠಾಣೆಯ ದಿನಚರಿ) ಚಾರ್ಜಿನಲ್ಲಿದ್ದವರು ಕಾಗದವನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಕನ್ನಡ ಓದುವವನು ಕೋರ್ಟ್ ಡ್ಯೂಟಿಗೆ ಹೋಗಿದ್ದಾನೆ. ನಾಳೆ ಬನ್ನಿ, ಇಲ್ಲದಿದ್ದರೆ ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ" ಎಂದರು.

ಅಡಕೆಯ ವಿಷಯ ಇಲ್ಲಿ ಬೇಡ. ನನ್ನ ಪ್ರಶ್ನೆ ಬೇರೆ. ಸುತ್ತಲಿನ ಬಹುಪಾಲು ಮನೆಗಳಲ್ಲಿ ಕನ್ನಡ, ತುಳು, ಮರಾಟಿ, ಕೊಂಕಣಿ ನಡೆಯುವ ಜಾಗದಲ್ಲಿ ಕನ್ನಡ ಓದಬಲ್ಲ ಪೊಲೀಸ್ ಒಬ್ಬನೇ, ಅವನು ಹೊರಗೆ ಹೋದರೆ ಅವನೂ ಇಲ್ಲ ಎಂಬ ಸ್ಥಿತಿ ಹೇಗೆ ಬಂತು? 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ಮಂಗಳೂರಿನ ಎಸ್.ಪಿ. ಕೈಕೆಳಗೆ ಇದ್ದಾಗ ಇಲ್ಲಿ ಯಾರಿದ್ದರು? ಆಮೇಲೆ ಅವರೆಲ್ಲ ಏನಾದರು? ಇಲಾಖೆಯಲ್ಲಿದ್ದ ಹಿರಿಯರು ಯಾರಾದರೂ ಇದ್ದರೆ ಹೇಳಿ. ಭಾಷಣ ಬೇಡ.

ಕುಂಬಳೆ ಪ್ಯಾಸೆಂಜರ್

ಭಾಷಣ ಬೇಡ ಎಂದರೆ ಈ ವೇದಿಕೆಯಲ್ಲಿ ಉತ್ತರ ಕೊಡಲು ಯಾರೂ ಉಳಿಯುವುದಿಲ್ಲ.

ಬದಿಯಡ್ಕ ಪೇಟೆ

ಉತ್ತರ ಒಂದೇ ಸಾಲಿನದು. 1956 ನವೆಂಬರ್ 1. ಮುಂದಿನ ಪ್ರಶ್ನೆ ಕೇಳಿ.

ಹಳೆ ಕಡತ

ಬದಿಯಡ್ಕದವರೇ, ನವೆಂಬರ್ 1ರ ಬೆಳಿಗ್ಗೆ ಎದ್ದು ನೋಡುವಾಗ ಠಾಣೆಯಲ್ಲಿ ಆಳುಗಳೆಲ್ಲ ಬದಲಾಗಿರಲಿಲ್ಲ. ಸ್ವಲ್ಪ ಹಿಂದಿನಿಂದ ಬರೋಣ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ, ಕಂಪನಿಯ ಕೈಸೇರಿತು. ಆಗ ಪೊಲೀಸ್ ಎಂಬ ಪ್ರತ್ಯೇಕ ಇಲಾಖೆಯೇ ಇರಲಿಲ್ಲ. 1816ರ ಮದರಾಸಿನ 11ನೆಯ ರೆಗ್ಯುಲೇಶನ್ ಪ್ರಕಾರ ತಾಲೂಕಿಗೆ ತಹಶೀಲ್ದಾರನೇ ಪೊಲೀಸ್ ಮುಖ್ಯಸ್ಥ, ಊರಿಗೆ ಪಟೇಲ. ಪಟೇಲನ ಓಡಾಟದ ಕೆಲಸಕ್ಕೆ ಉಗ್ರಾಣಿ. ಕಳ್ಳನನ್ನು ಹಿಡಿಯುವವರೂ ಅವರೇ, ತೀರ್ವೆ (ಭೂಕಂದಾಯ) ಬಾಕಿ ವಸೂಲಿ ಮಾಡುವವರೂ ಅವರೇ. ಒಂದೇ ಕೈಯಲ್ಲಿ ಎರಡೂ ಇದ್ದರೆ ಏನಾಗುತ್ತದೆಯೋ ಅದೇ ಆಯಿತು: ಬಾಕಿ ಇಟ್ಟವನನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು, ಕಲ್ಲು ಹೊರಿಸುವುದು. ದೂರು ಲಂಡನ್ನಿನ ಸಂಸತ್ತಿಗೆ ಹೋಯಿತು. 1855ರಲ್ಲಿ ವರದಿ ಕೊಟ್ಟ ಮದರಾಸಿನ ಚಿತ್ರಹಿಂಸೆ ತನಿಖಾ ಆಯೋಗ ಇದನ್ನೆಲ್ಲ ದಾಖಲಿಸಿತು. ಆಮೇಲೆ ಕಂದಾಯದಿಂದ ಪೊಲೀಸನ್ನು ಬೇರ್ಪಡಿಸಿ 1859ರ 24ನೆಯ ಕಾಯಿದೆ ಬಂತು. ಮೊದಲ ಇನ್ಸ್‌ಪೆಕ್ಟರ್ ಜನರಲ್ ವಿಲಿಯಂ ರಾಬಿನ್‌ಸನ್. ಇಡೀ ಭಾರತದ 1861ರ ಪೊಲೀಸ್ ಕಾಯಿದೆಗಿಂತ ಎರಡು ವರ್ಷ ಮೊದಲೇ ನಮ್ಮ ಮಂಜೇಶ್ವರ, ಕುಂಬಳೆಗೆ ಖಾಕಿ ಪೊಲೀಸಿನ ಕಾನೂನು ಬಂದಿತ್ತು ಎಂದು ಹೆಮ್ಮೆ ಪಡಬಹುದು, ಪಡದೆಯೂ ಇರಬಹುದು.

ಠಾಣೆಗೆ ಸಬ್ ಇನ್ಸ್‌ಪೆಕ್ಟರ್ ಯಜಮಾನನಾದದ್ದು ಇನ್ನೂ ಈಚೆಗೆ, 1902-03ರ ಪೊಲೀಸ್ ಆಯೋಗದ ನಂತರ. ಅಲ್ಲಿಯವರೆಗೆ ಹೆಡ್ ಕಾನ್‌ಸ್ಟೇಬಲ್‌ನದೇ ರಾಜ್ಯ. ಎಸ್.ಐ.ಗಳಿಗೆ ವೆಲ್ಲೂರಿನ ಶಾಲೆಯಲ್ಲಿ ತರಬೇತಿ. ದಕ್ಷಿಣ ಕನ್ನಡದ ಕಚೇರಿ ಭಾಷೆ ಕನ್ನಡವಾದ್ದರಿಂದ ಕೆಳಗಿನ ಬರವಣಿಗೆ ಕನ್ನಡದಲ್ಲಿ, ಮೇಲಕ್ಕೆ ಹೋಗುವುದು ಇಂಗ್ಲಿಷಿನಲ್ಲಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕೇರಳ ಆದ ಮೇಲೂ ನಮ್ಮ ಕಡೆ ಮದರಾಸಿನ 1859ರ ಕಾಯಿದೆಯೇ ನಡೆಯುತ್ತಿತ್ತು. ತಿರುವಾಂಕೂರು-ಕೊಚ್ಚಿಯ ಭಾಗಕ್ಕೆ ಅವರದೇ ಕಾಯಿದೆ. ಎರಡನ್ನೂ ತೆಗೆದು ಒಂದು ಮಾಡಿದ್ದು 1960ರ ಕೇರಳ ಪೊಲೀಸ್ ಕಾಯಿದೆ. ಅಲ್ಲಿಯವರೆಗೆ ಮಂಜೇಶ್ವರದ ಪೊಲೀಸ್ ಮತ್ತು ಕೊಲ್ಲಂನ ಪೊಲೀಸ್ ಒಂದೇ ಸರ್ಕಾರದ ಸಂಬಳ ತೆಗೆದುಕೊಂಡು ಎರಡು ಬೇರೆ ಕಾನೂನಿನಲ್ಲಿ ಕೆಲಸ ಮಾಡಿದರು.

ಕುಂಬಳೆ ಪ್ಯಾಸೆಂಜರ್

ಇದು ಪಾಠವಾಯಿತು. ಪರೀಕ್ಷೆ ಯಾವಾಗ ಮಾಷ್ಟ್ರೇ?

ಚಂದ್ರಗಿರಿಯ ಆಚೆ

ನಾನು ಹೊಳೆಯ ದಕ್ಷಿಣದವನು, ಮನೆಮಾತು ಮಲಯಾಳ, ಓದಿದ್ದು ಕನ್ನಡದಲ್ಲಿ. ಹಾಗಾಗಿ ಎರಡೂ ಕಡೆಯಿಂದ ಬೈಗುಳ ತಿನ್ನುವ ಅರ್ಹತೆ ಇದೆ.

ಹಿಂದೆ ಎಲ್ಲವೂ ಸರಿಯಿತ್ತು ಎನ್ನುವವರು ಕಯ್ಯೂರನ್ನು ನೆನಪಿಸಿಕೊಳ್ಳಿ. 1941ರಲ್ಲಿ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಜನರೆಲ್ಲ ಮಲಯಾಳದವರು, ಜಿಲ್ಲೆಯ ಕಚೇರಿ ಕನ್ನಡದ್ದು, ಮೇಲಧಿಕಾರಿ ಮಂಗಳೂರಿನಲ್ಲಿ. ಮಾರ್ಚ್ 28ರಂದು ರೈತ ಮೆರವಣಿಗೆಯ ಎದುರು ಸಿಕ್ಕಿದ ಕಾನ್‌ಸ್ಟೇಬಲ್ ಸುಬ್ಬರಾಯ ಹೊಳೆಯಲ್ಲಿ ಸತ್ತ. ಮಲಬಾರ್ ಸ್ಪೆಷಲ್ ಪೊಲೀಸ್ (ಎಂ.ಎಸ್.ಪಿ.) ಬಂದು ಊರನ್ನು ಜಾಲಾಡಿತು. 1943 ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ತಲೆಮರೆಸಿಕೊಂಡಿದ್ದ ಒಬ್ಬ ಆರೋಪಿ ಇ.ಕೆ. ನಾಯನಾರ್ 1980ರಲ್ಲಿ ಅದೇ ಪೊಲೀಸರ ಸರ್ಕಾರಕ್ಕೆ ಮುಖ್ಯಮಂತ್ರಿಯಾದರು.

ನಾನು ಹೇಳುವುದು ಇಷ್ಟೇ. ಇಂದು ನಿಮ್ಮ ದೊಡ್ಡಮ್ಮನಿಗೆ ಆದದ್ದು ಅಂದು ನಮ್ಮ ಅಜ್ಜಂದಿರಿಗೆ ಆಗುತ್ತಿತ್ತು. ಮೇಲಿನವನ ಭಾಷೆ ಒಂದು, ಕೆಳಗಿನವನ ಭಾಷೆ ಇನ್ನೊಂದು.

ಬದಿಯಡ್ಕ ಪೇಟೆ

ಒಬ್ಬ ಪೊಲೀಸಿನ ಹೆಸರು ಸುಬ್ಬರಾಯ ಎಂದ ಕೂಡಲೇ ಅವನು ಕನ್ನಡದವನು, ಜನರಿಗೆ ಅವನ ಮಾತು ತಿಳಿಯುತ್ತಿರಲಿಲ್ಲ ಎಂದೆಲ್ಲ ಕಥೆ ಕಟ್ಟಬೇಡಿ. ಕಯ್ಯೂರಿನದು ಜನ್ಮಿಯ (ಜಮೀನುದಾರನ) ಗೇಣಿಯ ಜಗಳ, ಭಾಷೆಯ ಜಗಳ ಅಲ್ಲ.

ಚಂದ್ರಗಿರಿಯ ಆಚೆ

ಅವನ ಮನೆಮಾತು ಯಾವುದೆಂದು ನಾನು ಎಲ್ಲಿ ಹೇಳಿದೆ? ಕಚೇರಿಯ ಭಾಷೆ ಎಂದೆ. ಓದಿ ಬೈಯಿರಿ.

ನಿವೃತ್ತ ರೈಟರ್

ಹಳೆ ಕಡತದವರು ಮೇಲಿನಿಂದ ನೋಡಿ ಬರೆದಿದ್ದಾರೆ. ನಾನು ಠಾಣೆಯ ಮೇಜಿನ ಈಚೆಯಿಂದ ಹೇಳುತ್ತೇನೆ. ಕೇರಳ ಪೊಲೀಸಿನಲ್ಲಿ ಸೇವೆ ಮುಗಿಸಿದವನು, ಬಹುಕಾಲ ಜಿಲ್ಲೆಯ ಉತ್ತರ ಭಾಗದ ಠಾಣೆಗಳಲ್ಲಿ ರೈಟರ್, ಅಂದರೆ ಬರವಣಿಗೆ ನೋಡಿಕೊಳ್ಳುವವನು, ಆಗಿದ್ದೆ.

ಮೊದಲನೆಯದು, 1956ರಲ್ಲಿ ಆಳುಗಳು ಎಲ್ಲಿ ಹೋದರು ಎಂಬುದು. ರಾಜ್ಯ ಪುನರ್ವಿಂಗಡಣೆ ಕಾಯಿದೆಯ 115ನೆಯ ಸೆಕ್ಷನ್ ಇದಕ್ಕೇ ಇರುವುದು. ಮದರಾಸು ಸರ್ಕಾರದ ನೌಕರರನ್ನು ಮದರಾಸಿಗೆ, ಮೈಸೂರಿಗೆ, ಕೇರಳಕ್ಕೆ ಎಂದು ಹಂಚುವ ಅಧಿಕಾರ ಕೇಂದ್ರದ ಕೈಯಲ್ಲಿತ್ತು. ನೌಕರನಿಗೆ ನಷ್ಟವಾಗುವ ಹಾಗೆ ಸೇವಾ ಷರತ್ತು ಬದಲಾಯಿಸಬೇಕಾದರೆ ಕೇಂದ್ರದ ಒಪ್ಪಿಗೆ ಮೊದಲೇ ಬೇಕಿತ್ತು. ಹಾಗಾಗಿ ಯಾರನ್ನೂ ಓಡಿಸಲಿಲ್ಲ. ಉಳಿದವರು ಉಳಿದರು. ನನಗೆ ಕೆಲಸ ಕಲಿಸಿದ ಹೆಡ್ ಕಾನ್‌ಸ್ಟೇಬಲ್ ಮದರಾಸು ಕಾಲದ ಕೊನೆಯ ತಲೆಮಾರು. ತುಳುವಿನಲ್ಲಿ ವಿಚಾರಿಸಿ, ಕನ್ನಡದಲ್ಲಿ ಗುರುತು ಹಾಕಿಕೊಂಡು, ಮಲಯಾಳದಲ್ಲಿ ಮಹಜರು ಬರೆಯುತ್ತಿದ್ದರು. ಅಂಥವರು ಒಬ್ಬೊಬ್ಬರಾಗಿ ಪಿಂಚಣಿಗೆ ಹೋದರು. ಕೊರತೆ ಶುರುವಾದದ್ದು ಆಗ, ಎಪ್ಪತ್ತು-ಎಂಬತ್ತರ ದಶಕದಲ್ಲಿ. ದಿನಾಂಕ ಹಾಕಿ ತೋರಿಸುವಂಥದ್ದಲ್ಲ.

ಎರಡನೆಯದು ಮುಖ್ಯ: ಅವರ ಜಾಗಕ್ಕೆ ಯಾರು ಬಂದರು? ಈಗ ಪೊಲೀಸ್ ಆಗುವ ದಾರಿ ನೋಡಿ. ಪಿ.ಎಸ್.ಸಿ. (ಲೋಕಸೇವಾ ಆಯೋಗ) ಕರೆಯುವುದು ಠಾಣೆಗಲ್ಲ, ಸಶಸ್ತ್ರ ಬೆಟಾಲಿಯನ್ನಿಗೆ. ನಮ್ಮ ಭಾಗಕ್ಕೆ ಕೆ.ಎ.ಪಿ. (ಕೇರಳ ಸಶಸ್ತ್ರ ಪೊಲೀಸ್) ನಾಲ್ಕನೆಯ ಬೆಟಾಲಿಯನ್, ನೆಲೆ ಕಣ್ಣೂರಿನ ಮಾಂಗಾಟ್ಟುಪರಂಬ. ರ‍್ಯಾಂಕ್ ಪಟ್ಟಿಯಲ್ಲಿ ಬಂದವನು ತರಬೇತಿ ಮುಗಿಸಿ ಬೆಟಾಲಿಯನ್ನಿನಲ್ಲಿ ಕೆಲವು ವರ್ಷ ಬಂದೋಬಸ್ತ್ ಮಾಡುತ್ತಾನೆ. ಆಮೇಲೆ ಜಿಲ್ಲೆಯ ಎ.ಆರ್. (ಸಶಸ್ತ್ರ ಮೀಸಲು ಪಡೆ) ಕ್ಯಾಂಪ್. ಅಲ್ಲಿಂದ ಹಿರಿತನ ಬಂದ ಹಾಗೆ ಲೋಕಲ್ ಠಾಣೆ. ಈ ಉದ್ದದ ಸಾಲಿನಲ್ಲಿ ಎಲ್ಲಿಯೂ "ನಿನಗೆ ಕನ್ನಡ ಬರುತ್ತದೆಯೇ" ಎಂದು ಕೇಳುವ ಒಂದು ಮೇಜು ಇಲ್ಲ. ಚೆರುವತ್ತೂರಿನವನೋ ಪಯ್ಯನ್ನೂರಿನವನೋ ಕುಂಬಳೆಗೆ ಬಂದರೆ ಅದು ಅವನ ತಪ್ಪಲ್ಲ. ಅವನು ಬಂದ ದಿನದಿಂದಲೇ ಊರ ಹತ್ತಿರದ ಠಾಣೆಗೆ ಅರ್ಜಿ ಹಾಕುತ್ತಾನೆ, ಅದೂ ತಪ್ಪಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಕನ್ನಡ ಬಲ್ಲ ಪೊಲೀಸಿಗೆ ಠಾಣೆಯಲ್ಲಿ ಸಿಗುವ ಬಹುಮಾನ ಎಂದರೆ ಹೆಚ್ಚುವರಿ ಕೆಲಸ. ಪಾರಾ (ಕಾವಲು), ಬೀಟ್, ಸಮನ್ಸ್, ಕೋರ್ಟ್ ಎಲ್ಲ ಮುಗಿಸಿ ಮನೆಗೆ ಬಂದು ಅನ್ನಕ್ಕೆ ಕುಳಿತರೆ ಫೋನ್: "ಒಂದು ಕನ್ನಡದ ಕಾಗದ ಬಂದಿದೆ, ಓದಿ ಹೇಳು." ಪಕ್ಕದ ಠಾಣೆಯವರೂ ಕರೆಯುತ್ತಾರೆ. ಭತ್ಯೆ ಇಲ್ಲ, ರಜೆ ಇಲ್ಲ, ಕಡತದಲ್ಲಿ ಹೆಸರೂ ಇಲ್ಲ. ಕನ್ನಡ ಬರುವುದಿಲ್ಲ ಎಂದೇ ಹೇಳಿಕೊಂಡು ಸೇವೆ ಮುಗಿಸಿದ ಕನ್ನಡಿಗರು ನನ್ನ ಪರಿಚಯದಲ್ಲಿದ್ದಾರೆ. ಅವರನ್ನು ನಾನು ದೂರುವುದಿಲ್ಲ.

ಪೆರ್ಲದ ತೋಟ

ಅಣ್ಣ, ಇದನ್ನೇ ಕೇಳಬೇಕಿತ್ತು. ಅಂದರೆ ನಮ್ಮ ಠಾಣೆಯಲ್ಲಿ ಕನ್ನಡ ಎಂಬುದು ಹುದ್ದೆಯಲ್ಲಿ ಇಲ್ಲ, ಒಬ್ಬ ವ್ಯಕ್ತಿಯಲ್ಲಿ ಇದೆ. ಅವನಿಗೆ ವರ್ಗವಾದರೆ ಕನ್ನಡಕ್ಕೂ ವರ್ಗ.

ಬದಿಯಡ್ಕ ಪೇಟೆ

ರೈಟರ್ ಅಣ್ಣ ತುಂಬ ಮೆತ್ತಗೆ ಬರೆದಿದ್ದೀರಿ. ಇಲಾಖೆಯ ಅನ್ನ ಉಂಡವರು ಹಾಗೆಯೇ ಬರೆಯುವುದು. ಕನ್ನಡದವನು ಕೇರಳ ಸರ್ಕಾರದ ಕೆಲಸಕ್ಕೆ ಸೇರಿದರೆ ಮಲಯಾಳ ಪರೀಕ್ಷೆ ಪಾಸು ಮಾಡಬೇಕು. ಇಲ್ಲಿಗೆ ಬರುವವನಿಗೆ ಕನ್ನಡದ ಅ ಆ ಬೇಡವೇ? ಇದಕ್ಕೆ ವ್ಯವಸ್ಥೆಯ ಲೋಪ ಎನ್ನುತ್ತೀರೋ, ಮನಸ್ಸಿಲ್ಲ ಎನ್ನುತ್ತೀರೋ?

ನಿವೃತ್ತ ರೈಟರ್

ಮನಸ್ಸಿಲ್ಲ ಎಂದೇ ಹೇಳುತ್ತೇನೆ, ಆದರೆ ಯಾರ ಮನಸ್ಸು ಎಂದು ಕೇಳುತ್ತೇನೆ. ತಿರುವನಂತಪುರದಲ್ಲಿ ಕುಳಿತವನಿಗೆ ಕಾಸರಗೋಡು ಎಂದರೆ ತಪ್ಪು ಮಾಡಿದವನನ್ನು ಕಳುಹಿಸುವ ಜಾಗ. ಶಿಕ್ಷೆಯ ವರ್ಗಾವಣೆಯಲ್ಲಿ ಬಂದ ಅಧಿಕಾರಿ ಪೆಟ್ಟಿಗೆ ಬಿಚ್ಚುವುದಿಲ್ಲ. ಭಾಷೆ ಕಲಿಯುವುದು ದೂರದ ಮಾತು.

ಹಳೆ ಕಡತ

ಅದಕ್ಕೆ ಚುನಾವಣೆಯನ್ನೂ ಸೇರಿಸಿ. ಚುನಾವಣಾ ಆಯೋಗದ ನಿಯಮ ಇದೆ: ಸ್ವಂತ ಜಿಲ್ಲೆಯವನು, ಅಥವಾ ಕಳೆದ ನಾಲ್ಕು ವರ್ಷದಲ್ಲಿ ಮೂರು ವರ್ಷ ಅದೇ ಜಿಲ್ಲೆಯಲ್ಲಿ ಇದ್ದವನು ಚುನಾವಣೆಯ ಕೆಲಸಕ್ಕೆ ಸಂಬಂಧಪಟ್ಟ ಹುದ್ದೆಯಲ್ಲಿ ಇರಬಾರದು. ಇನ್ಸ್‌ಪೆಕ್ಟರುಗಳೂ ಎಸ್.ಐ.ಗಳೂ ಆಗ ಗುಂಪಾಗಿ ಎತ್ತಂಗಡಿ. ನಮ್ಮೂರಿನ ಕನ್ನಡ ಬಲ್ಲ ಇನ್ಸ್‌ಪೆಕ್ಟರ್ ಇದ್ದರೂ ಅವನೇ ಮೊದಲು ಹೋಗಬೇಕು. ನಿಯಮದ ಉದ್ದೇಶ ಒಳ್ಳೆಯದು, ಆದರೆ ಮೂರು ಭಾಷೆಯ ಗಡಿಯ ಠಾಣೆಗೆ ಅದರ ಪೆಟ್ಟು ಬೇರೆಯೇ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಇರಲು ಬಿಡಿ ಎಂದಿತ್ತು. ಇಲ್ಲಿ ಅಷ್ಟು ದಿನ ನಿಂತ ಠಾಣಾಧಿಕಾರಿಯನ್ನು ಕಂಡವರು ಕೈ ಎತ್ತಿ.

ಕುಂಬಳೆ ಪ್ಯಾಸೆಂಜರ್

ನನ್ನ ಕೈ ಕೆಳಗೇ ಇದೆ.

ಮಂಜೇಶ್ವರ ಬಂದರು

ಖಾಕಿ ಚಡ್ಡಿಯ ಕಾಲವನ್ನು ಯಾರೂ ನೆನಪಿಸಲಿಲ್ಲವಲ್ಲ? ಗಂಜಿ ಹಾಕಿ ಇಸ್ತ್ರಿ ಮಾಡಿದ ಚಡ್ಡಿ, ಮಂಡಿಯವರೆಗೆ ಪಟ್ಟಿ, ತಲೆಯ ಮೇಲೆ ನೆಟ್ಟಗೆ ನಿಂತ ಟೋಪಿ. ನಮ್ಮಜ್ಜಿ ಊಟ ಮಾಡದ ಮಕ್ಕಳಿಗೆ ಆ ಟೋಪಿಯನ್ನೇ ಹೇಳಿ ಹೆದರಿಸುತ್ತಿದ್ದರು.

ಚಂದ್ರಗಿರಿಯ ಆಚೆ

ಹೆದರಿಸಲು ನಮ್ಮಲ್ಲಿ ಎಂ.ಎಸ್.ಪಿ. ಎಂಬ ಮೂರು ಅಕ್ಷರ ಸಾಕಿತ್ತು. 1921ರಲ್ಲಿ ಮಲಬಾರಿನ ಬಂಡಾಯವನ್ನು ಅಡಗಿಸಲು ಹಿಚ್‌ಕಾಕ್ ಎಂಬ ಬ್ರಿಟಿಷ್ ಅಧಿಕಾರಿ ಕಟ್ಟಿದ ಪಡೆ, ನೆಲೆ ಮಲಪ್ಪುರಂ. ಈಗ ಅದೇ ಎಂ.ಎಸ್.ಪಿ. ಎಂದರೆ ಹುಡುಗರಿಗೆ ಫುಟ್‌ಬಾಲ್. ಚರಿತ್ರೆ ಹೀಗೂ ಪಾಪ ತೊಳೆದುಕೊಳ್ಳುತ್ತದೆ.

ಕುಂಬಳೆ ಪ್ಯಾಸೆಂಜರ್

ಫುಟ್‌ಬಾಲ್ ಎಂದಿರಲ್ಲ, ಇನ್ನು ನಾನು ಬಿಡುವುದಿಲ್ಲ. 1990 ಮತ್ತು 1991ರಲ್ಲಿ ಕೇರಳ ಪೊಲೀಸ್ ತಂಡ ಸತತ ಎರಡು ವರ್ಷ ಫೆಡರೇಶನ್ ಕಪ್ ಗೆದ್ದಿತು. ವಿ.ಪಿ. ಸತ್ಯನ್, ಐ.ಎಂ. ವಿಜಯನ್, ಪಾಪ್ಪಚ್ಚನ್, ಶರಫಲಿ. ಆ ಪೊಲೀಸರು ಕನ್ನಡ ಓದಬೇಕೆಂದು ನಾನು ಒಂದು ದಿನವೂ ಕೇಳಲಿಲ್ಲ.

ನಿರ್ವಾಹಕ

ಫುಟ್‌ಬಾಲಿಗೆ ಬೇರೆ ಎಳೆ ಇದೆ. ಅಲ್ಲಿಗೆ ಹೋಗಿ.

ಉಪ್ಪಳದ ಹುಡುಗಿ

ಗಂಡಸರು ಟೋಪಿ, ಚಡ್ಡಿ, ಫುಟ್‌ಬಾಲ್ ಎಂದು ನಗುತ್ತಿದ್ದೀರಿ. ಸ್ವಲ್ಪ ಇದನ್ನೂ ಕೇಳಿ.

ನನ್ನ ಸಂಬಂಧಿಕರ ಪೈಕಿ ಒಬ್ಬಾಕೆ ಗಂಡನ ಮನೆಯ ಹೊಡೆತ ತಾಳಲಾರದೆ ದೂರು ಕೊಡಲು ಹೋದಳು. ಠಾಣೆಯಲ್ಲಿ ಮಹಿಳಾ ಅಧಿಕಾರಿ ಇದ್ದರು, ಒಳ್ಳೆಯವರು, ಕೈ ಹಿಡಿದು ನೀರು ಕೊಟ್ಟರು. ಅವರಿಗೆ ಮಲಯಾಳ ಮಾತ್ರ. ಇವಳಿಗೆ ತುಳು, ಕನ್ನಡ. ಕೊನೆಗೆ ತನ್ನ ಯಾವುದೋ ದಂಡ ಕಟ್ಟಲು ಬಂದಿದ್ದ ರಿಕ್ಷಾ ಚಾಲಕನನ್ನು ಕರೆದು, ನೀನು ಮಲಯಾಳದಲ್ಲಿ ಹೇಳಪ್ಪ ಎಂದರು. ಮಲಗುವ ಕೋಣೆಯಲ್ಲಿ ನಡೆದದ್ದನ್ನು ಗುರುತಿಲ್ಲದ ಗಂಡಸಿನ ಬಾಯಿಂದ ಹೇಳಿಸುವುದು ಹೇಗೆ? ಅರ್ಧ ಹೇಳಿದಳು, ಅರ್ಧ ನುಂಗಿದಳು. ಕಾಗದದ ಮೇಲೆ ಅದು "ಕುಟುಂಬ ಕಲಹ" ಆಯಿತು.

ಭಾರತದ ಮೊದಲ ಮಹಿಳಾ ಪೊಲೀಸ್ ಠಾಣೆ ಇದೇ ಕೇರಳದ ಕೋಯಿಕ್ಕೋಡಿನಲ್ಲಿ, 1973ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಹೆಂಗಸು ಹೆಂಗಸಿನ ಹತ್ತಿರ ಹೇಳಿಕೊಳ್ಳಲಿ ಎಂದಲ್ಲವೇ ಅದನ್ನು ಮಾಡಿದ್ದು? ನಡುವೆ ರಿಕ್ಷಾ ಚಾಲಕ ಕುಳಿತರೆ ಮಹಿಳಾ ಅಧಿಕಾರಿ ಇದ್ದು ಏನು ಬಂತು?

ಪೆರ್ಲದ ತೋಟ

ಅಕ್ಕ, ಇದನ್ನು ಓದಿ ಸಿಟ್ಟು ಬಂತು. ಆಮೇಲೆ ಏನಾಯಿತು?

ಉಪ್ಪಳದ ಹುಡುಗಿ

ಮಂಗಳೂರಿನ ತವರಿನ ಕಡೆಯವರು ಬಂದು ಕರೆದುಕೊಂಡು ಹೋದರು. ಕೇಸು ಮುಂದೆ ಹೋಗಲಿಲ್ಲ.

ವಿದ್ಯಾನಗರ ವಕೀಲ

ಎಲ್ಲರೂ ಓದಿಟ್ಟುಕೊಳ್ಳಿ. ಮಾಹಿತಿಯನ್ನು ಬಾಯಿಮಾತಿನಲ್ಲಿ ಹೇಳಿದರೆ ಠಾಣಾಧಿಕಾರಿ ಬರೆದುಕೊಳ್ಳಬೇಕು, ಹೇಳಿದವರಿಗೆ ಓದಿ ಹೇಳಬೇಕು, ಸಹಿ ಹಾಕಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 154ನೆಯ ಸೆಕ್ಷನ್, 2024 ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 173. ಇಂಥದೇ ಭಾಷೆಯಲ್ಲಿ ಹೇಳಬೇಕು ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್.ಪಿ.ಗೆ ಕಳುಹಿಸಬಹುದು, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ. 2011ರ ಕೇರಳ ಪೊಲೀಸ್ ಕಾಯಿದೆ ದೂರಿಗೆ ರಸೀದಿ ಪಡೆಯುವ ಹಕ್ಕು ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಕಾನೂನು ನಮ್ಮ ಪರವಾಗಿಯೇ ಇದೆ. ಅದನ್ನು ನಡೆಸಿಕೊಡುವ ಆಳು ಇಲ್ಲ.

ದೂರಿಗಿಂತ ದೊಡ್ಡ ನಷ್ಟ ಕೋರ್ಟಿನಲ್ಲಿ ಆಗುತ್ತದೆ, ಅದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ತನಿಖೆಯಲ್ಲಿ ಸಾಕ್ಷಿ ತುಳುವಿನಲ್ಲಿ ಹೇಳುತ್ತಾನೆ, ಪೊಲೀಸರು ಮಲಯಾಳದಲ್ಲಿ ಬರೆಯುತ್ತಾರೆ. ಆ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತಿಲ್ಲ, ಕಾನೂನೇ ಹಾಗಿದೆ. ವರ್ಷಗಳ ನಂತರ ಕಟಕಟೆಯಲ್ಲಿ ನಿಂತು ಅವನು ಕನ್ನಡದಲ್ಲಿ ಹೇಳುವುದು ಬೇರೆಯೇ ಆಗಿ ಕಾಣುತ್ತದೆ. ಆರೋಪಿಯ ಪರ ವಕೀಲ ಎರಡನ್ನೂ ಪಕ್ಕ ಪಕ್ಕ ಇಟ್ಟು ವಿರೋಧಾಭಾಸ ಎಂದು ಗುರುತು ಹಾಕಿಸುತ್ತಾನೆ. ಸಾಕ್ಷಿ ಸುಳ್ಳುಗಾರನಾಗುತ್ತಾನೆ, ಆರೋಪಿ ಮನೆಗೆ ಹೋಗುತ್ತಾನೆ. ಆರೋಪಿಯ ಪರವಾಗಿ ನಿಂತಾಗ ನಾನೂ ಇದನ್ನೇ ಮಾಡುತ್ತೇನೆ. ಅದು ನನ್ನ ಕೆಲಸ.

ಬದಿಯಡ್ಕ ಪೇಟೆ

ಹೇಳಿಕೊಳ್ಳಲು ನಾಚಿಕೆ ಬೇಡವೇ?

ವಿದ್ಯಾನಗರ ವಕೀಲ

ನಾಳೆ ನಿಮ್ಮ ಮೇಲೆ ಕೇಸು ಬಿದ್ದರೆ ನನ್ನ ಹತ್ತಿರವೇ ಬರುತ್ತೀರಿ. ಆಗ ಮಾತನಾಡೋಣ.

ಕೊಡಿಯಾಲದಿಂದ

ಗಡಿಯ ಈಚೆ, ಮಂಗಳೂರಿನಿಂದ ಒಂದು ಮಾತು. ಕರ್ನಾಟಕದಲ್ಲಿದ್ದರೆ ಎಲ್ಲವೂ ಚಿನ್ನವಾಗಿರುತ್ತಿತ್ತು ಎಂಬ ಭ್ರಮೆ ಬೇಡ. ಮಂಗಳೂರಿನ ಠಾಣೆಗಳಿಗೂ ಬಯಲುಸೀಮೆಯಿಂದ, ಉತ್ತರ ಕರ್ನಾಟಕದಿಂದ ಬಂದ ಪೊಲೀಸರೇ ತುಂಬ. ಅವರಿಗೆ ತುಳು ಬರುವುದಿಲ್ಲ, ಬ್ಯಾರಿ ಬರುವುದಿಲ್ಲ. ನಮ್ಮ ಕಡೆಯ ಹುಡುಗರೂ ಪೊಲೀಸ್ ಕೆಲಸಕ್ಕೆ ಹೋಗುವುದು ಕಡಿಮೆ.

ಬದಿಯಡ್ಕ ಪೇಟೆ

ಕೊಡಿಯಾಲದವರು 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ಗಡಿಯ ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದ್ದು ನೆನಪಿದೆ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ಸತ್ತರು. ಕೇರಳ ಹೈಕೋರ್ಟ್ ರಸ್ತೆ ತೆರೆಸಿ ಎಂದು ಹೇಳಬೇಕಾಯಿತು. ಆಗ ಕನ್ನಡದ ಅಭಿಮಾನ ಎಲ್ಲಿತ್ತು?

ಕೊಡಿಯಾಲದಿಂದ

ಮಣ್ಣು ಹಾಕಿದ್ದು ನಾನಲ್ಲ. ನನ್ನ ಅತ್ತೆಯೂ ಆಚೆಯೇ ಸಿಕ್ಕಿಬಿದ್ದಿದ್ದರು.

ಮಂಜೇಶ್ವರ ಬಂದರು

ಆ ದಿನಗಳಲ್ಲಿ ಒಂದು ಸಂಗತಿ ಗಮನಿಸಿದ್ದೇನೆ. ಪೊಲೀಸ್ ಜೀಪು ಮೈಕ್ ಹಾಕಿಕೊಂಡು ಮಲಯಾಳದಲ್ಲಿ ಹೇಳುತ್ತಾ ಹೋದರೆ ನಮ್ಮ ಓಣಿಯ ಮುದುಕರು ಅಂಗಳದಿಂದ ಕದಲಲಿಲ್ಲ. ಮರುದಿನ ಸ್ಥಳೀಯ ಪೊಲೀಸ್ ಒಬ್ಬ ಇಳಿದು ತುಳುವಿನಲ್ಲಿ ಎರಡು ಮಾತು ಬೈದ. ಎಲ್ಲರೂ ಒಳಗೆ ಹೋದರು.

ಕುಂಬಳೆ ಪ್ಯಾಸೆಂಜರ್

ಗಡಿ ವಿವಾದದ ಮಹಾಜನ ಆಯೋಗದ ವರದಿಯ ಮಾತು ಇಲ್ಲಿ ಇನ್ನೂ ಬಂದಿಲ್ಲ ಎಂದು ಕಾಯುತ್ತಿದ್ದೇನೆ.

ಬದಿಯಡ್ಕ ಪೇಟೆ

ತೆಗೆದುಕೊಳ್ಳಿ. 1967. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು ಸ್ಪಷ್ಟವಾಗಿ ಬರೆದರು. ಜಾರಿಯಾಗಿದ್ದರೆ ಈ ಎಳೆಯೇ ಇರುತ್ತಿರಲಿಲ್ಲ.

ನಿರ್ವಾಹಕ

ಮಹಾಜನ ವರದಿಗೂ ಬೇರೆ ಎಳೆ ಇದೆ, ಅಲ್ಲಿ ಜಾಗ ಬೇಕಾದಷ್ಟಿದೆ.

ಅಡೂರು ಹೊಳೆ

ನಾನು ಈಗ ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿರುವವನು. ಹೇಳಲೇ ಬೇಡವೇ ಎಂದು ಯೋಚಿಸುತ್ತಿದ್ದೆ.

ಭಾಷಾ ಅಲ್ಪಸಂಖ್ಯಾತರಿಗೆ ಪಿ.ಎಸ್.ಸಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ತೊಂದರೆ ಇರುವುದು ಅದಕ್ಕೆ ಮೊದಲು. ಕೋಚಿಂಗ್ ಎಲ್ಲ ಮಲಯಾಳದಲ್ಲಿ, ಪುಸ್ತಕ ಎಲ್ಲ ಮಲಯಾಳದಲ್ಲಿ. ಕೇರಳ ನವೋತ್ಥಾನ (ಸಮಾಜ ಸುಧಾರಣೆಯ ಚಳವಳಿ), ತಿರುವಾಂಕೂರಿನ ದಿವಾನರು ಎಂದೆಲ್ಲ ಬರುತ್ತದೆ, ನಾವು ಓದಿದ ಪಾಠದಲ್ಲಿ ಅದು ನಾಲ್ಕು ಸಾಲು. ಆಮೇಲೆ ಮೈದಾನ: ಎತ್ತರ 168 ಸೆಂಟಿಮೀಟರ್, ಎದೆ 81, ಉಸಿರು ಹಿಡಿದರೆ ಇನ್ನೂ 5 ಹಿಗ್ಗಬೇಕು. ಎಂಟು ಸ್ಪರ್ಧೆಗಳಲ್ಲಿ ಐದರಲ್ಲಿ ಪಾಸಾಗಬೇಕು. ನೂರು ಮೀಟರ್ 14 ಸೆಕೆಂಡು, ಸಾವಿರದ ಐನೂರು ಮೀಟರ್ 5 ನಿಮಿಷ 44 ಸೆಕೆಂಡು.

ಮನೆಯಲ್ಲಿ ಬೆಂಬಲ ಇದೆಯೇ ಎಂದು ಕೇಳಬೇಡಿ. "ಮಂಗಳೂರಿನ ಕಂಪನಿಗೆ ಹೋಗು, ಗಲ್ಫಿಗೆ ಹೋಗು, ಪೊಲೀಸಿಗೆ ಯಾರು ಹೆಣ್ಣು ಕೊಡುತ್ತಾರೆ" ಎನ್ನುತ್ತಾರೆ ಮಾವ. ಇಲ್ಲಿ ಠಾಣೆಯಲ್ಲಿ ಕನ್ನಡ ಇಲ್ಲ ಎಂದು ಬರೆಯುವವರಲ್ಲಿ ಎಷ್ಟು ಮಂದಿ ತಮ್ಮ ಮಗನನ್ನು ಅರ್ಜಿ ಹಾಕಿಸಿದ್ದೀರಿ?

ಚಂದ್ರಗಿರಿಯ ಆಚೆ

ಇದು ಸರಿಯಾದ ಪೆಟ್ಟು. ನಮ್ಮ ಚೆರುವತ್ತೂರು, ತ್ರಿಕರಿಪುರ ಕಡೆ ಪೊಲೀಸ್ ಕೆಲಸ ಎಂದರೆ ಮರ್ಯಾದೆಯ ಕೆಲಸ. ಸಂಜೆಯಾದರೆ ಊರಿನ ವಾಚನಾಲಯದಲ್ಲಿ ದೀಪ ಹಚ್ಚಿ ಹುಡುಗರು, ಹುಡುಗಿಯರು ಪಿ.ಎಸ್.ಸಿ. ಪ್ರಶ್ನೆ ಬಿಡಿಸುತ್ತಾರೆ. ಹಿಂದಿನ ವರ್ಷ ಪಾಸಾದವನು ಬಂದು ಕಲಿಸುತ್ತಾನೆ. ಬೆಳಗಿನ ಜಾವ ಶಾಲೆಯ ಮೈದಾನದಲ್ಲಿ ಓಟ. ಉತ್ತರದಲ್ಲಿ ಅದು ಕಾಣುವುದಿಲ್ಲ. ರ‍್ಯಾಂಕ್ ಪಟ್ಟಿ ದಕ್ಷಿಣದವರಿಂದ ತುಂಬಿದರೆ ಅದರಲ್ಲಿ ಪಿತೂರಿ ಏನಿದೆ?

ಬದಿಯಡ್ಕ ಪೇಟೆ

ದಕ್ಷಿಣದ ಹುಡುಗ ತನ್ನ ಮಾತೃಭಾಷೆಯಲ್ಲಿ ಕಲಿಯುತ್ತಾನೆ, ತನ್ನ ಮಾತೃಭಾಷೆಯ ಠಾಣೆಯಲ್ಲಿ ಕೆಲಸ ಮಾಡುತ್ತಾನೆ. ಉತ್ತರದ ಹುಡುಗ ಎರಡಕ್ಕೂ ಇನ್ನೊಂದು ಭಾಷೆಯ ಮೆಟ್ಟಿಲು ಹತ್ತಬೇಕು. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿ ಎಂದರೆ ಅದು ಓಟವೇ?

ಅಡೂರು ಹೊಳೆ

ಹಾಗೆಂದು ಓಡದೆ ಕುಳಿತುಕೊಳ್ಳಲೇ, ಬದಿಯಡ್ಕದವರೇ? ನನಗೆ ಹೈ ಜಂಪ್ ಬರುವುದಿಲ್ಲ. ರೈಟರ್ ಅಣ್ಣ, ಯಾವ ಐದನ್ನು ಆರಿಸಲಿ?

ನಿವೃತ್ತ ರೈಟರ್

ಹೈ ಜಂಪ್ ಬಿಡು. ಹಗ್ಗ ಹತ್ತುವುದನ್ನು ತೆಗೆದುಕೊ, ನಮ್ಮ ಕಡೆಯ ಹುಡುಗರಿಗೆ ಅದು ಒಲಿದಿದೆ. ಪುಲ್ ಅಪ್ ಎಂಟು ತೆಗೆಯಬೇಕು, ಅಭ್ಯಾಸ ಮಾಡಿದರೆ ಬರುತ್ತದೆ. ನೂರು ಮೀಟರ್, ಲಾಂಗ್ ಜಂಪ್, ಕ್ರಿಕೆಟ್ ಚೆಂಡು ಎಸೆತ ಸೇರಿಸಿದರೆ ಐದಾಯಿತು. ಸಾವಿರದ ಐನೂರನ್ನು ಕೊನೆಗೆ ಇಟ್ಟುಕೊಳ್ಳಬೇಡ, ದಣಿದ ಕಾಲಿನಲ್ಲಿ ಆಗುವುದಿಲ್ಲ.

ಪೆರ್ಲದ ತೋಟ

ಇಷ್ಟು ಹೊತ್ತು ಮಾತನಾಡಿದ್ದಕ್ಕೆ ಒಂದು ಬೇಡಿಕೆ ಬರೆಯೋಣ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಲ್ಲಿ ಪ್ರತಿ ಪಾಳಿಯಲ್ಲೂ ಕನ್ನಡ ಓದಬಲ್ಲ ಒಬ್ಬರು ಇರಬೇಕು. ಹೊಸ ಹುದ್ದೆ ಬೇಡ, ಇರುವವರನ್ನು ಹಂಚುವಾಗ ನೋಡಿಕೊಂಡರೆ ಸಾಕು. ಮಹಿಳಾ ಸಹಾಯ ಮೇಜಿಗೆ ತುಳು ಅಥವಾ ಕನ್ನಡ ಬಲ್ಲ ಮಹಿಳೆಯೇ ಬೇಕು. ರೈಟರ್ ಅಣ್ಣ ಹೇಳಿದ ಭತ್ಯೆಯನ್ನೂ ಸೇರಿಸುತ್ತೇನೆ.

ಚಂದ್ರಗಿರಿಯ ಆಚೆ

ಭತ್ಯೆ ಎಂದ ಕೂಡಲೇ ಇಡೀ ಜಿಲ್ಲೆಯ ಪೊಲೀಸರು ಕನ್ನಡ ಪ್ರಮಾಣಪತ್ರ ತಂದು ನಿಲ್ಲುತ್ತಾರೆ. ಮಾತು ಮಾತ್ರ ಬರುವುದಿಲ್ಲ.

ನಿವೃತ್ತ ರೈಟರ್

ಪ್ರಮಾಣಪತ್ರ ಬೇಡ. ಒಂದು ಹಳೆಯ ದೂರಿನ ಕಾಗದ ಕೊಟ್ಟು ಎದುರಿಗೇ ಓದಿಸಲಿ. ಓದಿದವನಿಗೆ ಕೊಡಲಿ.

ಉಪ್ಪಳದ ಹುಡುಗಿ

ಮಹಿಳಾ ಮೇಜನ್ನು ಮೊದಲ ಸಾಲಿಗೆ ತನ್ನಿ. ಕೆಳಗೆ ಬರೆದರೆ ಯಾರೂ ಅಷ್ಟು ದೂರ ಓದುವುದಿಲ್ಲ.

ವಿದ್ಯಾನಗರ ವಕೀಲ

ಕರಡು ನನಗೆ ಕಳುಹಿಸಿ. 1969ರ ಕಾಯಿದೆಯನ್ನು ಸೇರಿಸಿ, ಕನ್ನಡದಲ್ಲೇ ಟೈಪ್ ಮಾಡಿಸಿ, ಪಾರೆಕಟ್ಟೆಯ ಜಿಲ್ಲಾ ಪೊಲೀಸ್ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕುತ್ತೇನೆ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೇ ಮುಂದಿನ ಅರ್ಜಿಗೆ ಲಗತ್ತಿಸೋಣ.

ಬದಿಯಡ್ಕ ಪೇಟೆ

ನನ್ನ ಹೆಸರು ಹಾಕಿ. ವಕೀಲರಿಗೆ ಫೀಸು ಕೊಡುವುದಿಲ್ಲ.